ತೆನೆಯ ಹಬ್ಬವೂ ತಾಯ್ತಂದೆಗಳ ಕೃತಜ್ಞತೆಯೂ

ಉಪಕಾರಸ್ಮರಣೆಯು ಸದ್ಗುಣಗಳಲ್ಲೆಲ್ಲ ಸುಲಭವಾದುದೆಂದು ಮಕ್ಕಳಿಲ್ಲದ ಕಾಲದಲ್ಲಿ ನಾನು ಎಣಿಸಿದ್ದೆನು. ಉಂಡ ಮೇಲೆ ಕೈಮುಗಿಯುವುದು ಯಾರಿಗೆ ಕಷ್ಟ? ಆದರೆ ಒಂದು ಮಗುವಿಗೆ ಜ್ವರ, ಮತ್ತೊಂದಕ್ಕೆ ಹಟ, ಮೂರನೆಯದಕ್ಕೆ ನಿದ್ರೆಯಿಲ್ಲ, ಹೀಗೆ ರಾತ್ರಿಯು ಕಳೆದು ಬೆಳಗಾಗುವಾಗ ದೇವರಿಗೆ ಸ್ತೋತ್ರವೆಂಬ ಮಾತು ಬಾಯಿಗೆ ಬಾರದಿರುವುದನ್ನು ಅನುಭವಿಸಿದವರೇ ಬಲ್ಲರು. ಆ ಹೊತ್ತಿನಲ್ಲಿ ಯಾರಾದರೂ ಬಂದು, ಮಕ್ಕಳು ದೇವರ ವರ, ಸಂತೋಷಪಡಿರೆಂದು ಬೋಧಿಸಿದರೆ, ಆ ಬೋಧೆಯು ಸತ್ಯವಾದುದರಿಂದಲೇ ಇನ್ನಷ್ಟು ಚುಚ್ಚುತ್ತದೆ.

ಸಂತ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಕೃತಜ್ಞತೆಯನ್ನು ವಿಧಿಸುವಾಗ ‘ಎಲ್ಲದರಲ್ಲಿ’ ಎಂಬರ್ಥದ ಮಾತನ್ನು ಪ್ರಯೋಗಿಸಿದ್ದಾನೆ, ‘ಎಲ್ಲದಕ್ಕಾಗಿ’ ಎಂದಲ್ಲ. ನಮ್ಮ ವ್ಯಾಕರಣದಂತೆ ಹೇಳುವುದಾದರೆ ಅಲ್ಲಿರುವುದು ಚತುರ್ಥಿಯಲ್ಲ, ಸಪ್ತಮಿ. ಮಗುವಿನ ಜ್ವರಕ್ಕಾಗಿ ವಂದಿಸೆಂದು ಅವನು ಕೇಳಲಿಲ್ಲ. ಜ್ವರದ ಮಗ್ಗುಲಲ್ಲಿ ಕುಳಿತಿರುವಾಗಲೂ ಕೊಟ್ಟವನನ್ನು ಮರೆಯಬೇಡವೆಂದನು. ಎಫೆಸದವರ ಪತ್ರಿಕೆಯಲ್ಲಿ ಇದಕ್ಕಿಂತ ಕಠಿನವಾದ ಮಾತೂ ಉಂಟು. ಅದು ಮಹಾತ್ಮರಿಗೆ ಸಲ್ಲಲಿ. ನನ್ನಂಥ ಗೃಹಸ್ಥನಿಗೆ ಸಪ್ತಮಿಯೇ ಸಾಕು.

ಇದನ್ನು ನಾನು ಪುಸ್ತಕದಿಂದ ತಿಳಿದುದಕ್ಕಿಂತ ಹೆಚ್ಚಾಗಿ ನಮ್ಮ ಜನರ ತೆನೆಹಬ್ಬದಿಂದ ತಿಳಿದೆನು. ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮೋತ್ಸವವನ್ನು ಕೊಂಕಣಿ ಕ್ರೈಸ್ತರು ‘ಮೊಂತಿ ಫೆಸ್ತ್’ ಎನ್ನುವರು. ಮಂಗಳೂರಿನ ಬಳಿ ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂದು ಪ್ರತೀತಿ. ಕಾಫಿ ತೋಟಗಳನ್ನು ನಂಬಿ ಘಟ್ಟ ಹತ್ತಿದವರು ಹಬ್ಬವನ್ನೂ ಹೊತ್ತು ತಂದರು. ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂವನ್ನು ಎರಚುವರು. ಹಬ್ಬದಂದು ಮಂತ್ರಿಸಿದ ತೆನೆಯ ಕಾಳನ್ನು ಸುಲಿದು, ತೆಂಗಿನ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಯ ಹಿರಿಯನು ಎಲ್ಲರಿಗೂ ಹಂಚುವನು.

ಘಟ್ಟದ ಕೆಳಗೆ ಅದು ಹೊಸ ಪೈರಿನ ಕಾಲ. ಸಂಸೆಯಲ್ಲಿಯೋ, ಕುದುರೆಮುಖದ ಬೆಟ್ಟಗಳು ಮೋಡದಿಂದ ಹೊರಬಂದಿರುವುದಿಲ್ಲ; ಗದ್ದೆ ಇನ್ನೂ ಹಸುರು, ಕಾಫಿಯ ಕೊಯ್ಲಿಗೆ ತಿಂಗಳುಗಳು ಬಾಕಿ, ಅಡಕೆಗೆ ಕೊಳೆರೋಗದ ಭಯ. ತೆನೆಯನ್ನೇ ಅನೇಕ ವೇಳೆ ಕೆಳಗಿನಿಂದ ತರಿಸಬೇಕು. ಕಣಜ ತುಂಬಿದ ಮೇಲೆ ಮಾಡತಕ್ಕ ವಂದನೆಯನ್ನು, ಕಣಜ ತುಂಬೀತೋ ಇಲ್ಲವೋ ಎಂಬ ಸಂದೇಹದ ನಡುವೆ ನಾವು ಮಾಡಿ ಮುಗಿಸುತ್ತೇವೆ! ಮಕ್ಕಳ ವಿಷಯದಲ್ಲಾದರೋ ನಾವು ಕೊಯ್ಲಿಗೆ ಕಾಯುತ್ತೇವೆ: ಪರೀಕ್ಷೆಯಲ್ಲಿ ತೇರಲಿ, ಉದ್ಯೋಗ ಹಿಡಿಯಲಿ, ಮಾತು ಕೇಳಲಿ, ಆಮೇಲೆ ನೋಡೋಣವೆಂದು.

ಒಂದು ವರ್ಷ ಹಬ್ಬದ ಮುನ್ನಾದಿನ, ಚಿಕ್ಕ ಕೂಸಿಗೆ ಮೂರು ದಿನದಿಂದ ಜ್ವರವಿತ್ತು. ಬೇಡವೆಂದರೂ ಕೇಳದೆ ಎಂಟು ವರ್ಷದ ಹಿರಿಮಗಳು ಮಳೆಯಲ್ಲಿ ಹೂವಿಗೆ ಹೋದಳು. ಮರಳಿ ಬಂದಾಗ ಮೈಯೆಲ್ಲ ತೊಯ್ದು, ಕಾಲ ತುಂಬ ಇಂಬಳ ಕಚ್ಚಿ, ರಕ್ತ ಸುರಿಯುತ್ತಿತ್ತು; ಲಂಗದ ಮಡಿಲಲ್ಲಿ ಡೇರೆ ಹೂಗಳು. ಇನ್ನೊಬ್ಬಳು ಮಲಗಿದರೆ ನೋಡುವವರಾರೆಂದು ಗದರಿ, ಹೂವನ್ನು ಅಂಗಳಕ್ಕೆ ಎಸೆದುಬಿಟ್ಟೆನು. ನನ್ನ ಹೆಂಡತಿಯು ಒಂದು ಮಾತನ್ನೂ ಆಡಲಿಲ್ಲ. ಮಗಳ ಕಾಲಿಗೆ ಉಪ್ಪು ಹಚ್ಚಿ ಇಂಬಳಗಳನ್ನು ಉದುರಿಸಿ, ಅನಂತರ ಕೆಸರಿನಿಂದ ಹೂಗಳನ್ನು ಒಂದೊಂದಾಗಿ ಆಯ್ದು ತೊಳೆದು ಬುಟ್ಟಿಯಲ್ಲಿಟ್ಟಳು. ಅವಳೂ ನನ್ನಷ್ಟೇ ನಿದ್ರೆಗೆಟ್ಟಿದ್ದಳೆಂಬುದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಪ್ರಾರ್ಥನೆಯಾದ ಬಳಿಕ, ರೂಢಿಯಂತೆ ಮಕ್ಕಳು ಆಶೀರ್ವಾದಕ್ಕಾಗಿ ನನ್ನ ಮುಂದೆ ಬಂದು ನಿಂತರು. ಹಿರಿಯವಳು ಕೈಜೋಡಿಸಿ ತಲೆ ಬಾಗಿಸಿದಾಗ ಅವಳ ಕಾಲಿನ ಗಾಯಗಳು ಕಂಡವು. ಹರಸಬೇಕಾದ ಕೈ ಸ್ವಲ್ಪ ಹೊತ್ತು ಮೇಲೇಳಲಿಲ್ಲ. ಕೂಸಿನ ಜ್ವರ ಬಿಟ್ಟಿರಲಿಲ್ಲ, ಮಳೆ ನಿಂತಿರಲಿಲ್ಲ, ನನ್ನ ಆಯಾಸವೂ ಹೋಗಿರಲಿಲ್ಲ. ಆದರೂ ಆ ದಿನ ಕಾಳು ಬೆರೆಸಿದ ಹಾಲನ್ನು ಅವಳ ಅಂಗೈಗೆ ಹಾಕುವಾಗ ಆಡಿದ ಸ್ತೋತ್ರವು ಬಾಯಿಪಾಠದ್ದಾಗಿರಲಿಲ್ಲ.

ದೂರ ಹೋದವರಿಗೆ ಮಂತ್ರಿಸಿದ ಕಾಳನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿ ನಮ್ಮಲ್ಲುಂಟು. ಅವಳಿಗೂ ಈಗ ವರ್ಷಕ್ಕೊಂದು ಲಕೋಟೆ ಹೋಗುತ್ತದೆ. ಹೋದ ಸಲ ಉತ್ತರದಲ್ಲಿ, ಕಾಳು ಮುಟ್ಟಿತೆಂದೂ, ತನ್ನ ಮಗುವು ರಾತ್ರಿಯೆಲ್ಲ ಮಲಗಗೊಡಿಸುವುದಿಲ್ಲವೆಂದೂ, ಅಂಗಳದಲ್ಲಿ ಡೇರೆ ಬಿಟ್ಟಿದೆಯೇ ಎಂದೂ ಬರೆದಿದ್ದಳು.