ಕಾವಲಿನ ಕೆಲಸ

(ಬೆಂಗಳೂರು–ಮೈಸೂರು ಹೆದ್ದಾರಿ, ರಾಮನಗರ ದಾಟಿದೆ. ಸ್ಟೀರಿಂಗ್ ಹಿಡಿದವಳು ವೀಣಾ. ಪಕ್ಕದಲ್ಲಿ ಅವಳ ಚಿಕ್ಕಪ್ಪ, ನಿವೃತ್ತ ಬಸ್ ಚಾಲಕ. ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುವ ಚಾಲಕರು ಅಪರೂಪ.)

ಚಿಕ್ಕಪ್ಪ: ಎರಡು ಕಾಲೂ ಸುಮ್ಮನಿವೆಯಲ್ಲೇ. ಗಾಡಿ ಯಾರು ಓಡಿಸ್ತಿರೋದು?

ವೀಣಾ: ನಾನೇ ಚಿಕ್ಕಪ್ಪ. ನೂರಕ್ಕೆ ಸೆಟ್ ಮಾಡಿದ್ದೀನಿ. ಮುಂದಿನ ಗಾಡಿ ನಿಧಾನವಾದ್ರೆ ಇದೂ ನಿಧಾನವಾಗುತ್ತೆ. ಪಟ್ಟೆ ನೋಡ್ಕೊಂಡು ಸ್ಟೀರಿಂಗನ್ನೂ ಅಷ್ಟಿಷ್ಟು ತಿರುಗಿಸುತ್ತೆ. ಇದಕ್ಕೆ ಸ್ವಯಂಚಾಲನೆಯ ಎರಡನೇ ಹಂತ ಅಂತಾರೆ, ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಎರಡರವರೆಗೂ ಚಾಲಕಿ ನಾನೇ, ಹೊಣೆಯೂ ನನ್ನದೇ.

ಚಿಕ್ಕಪ್ಪ: ಕೆಲಸ ಅದರದು, ಮೆಮೊ ನಿನಗೆ. ನಮ್ಮ ಡಿಪೋ ಥರಾನೇ ಇದೆ.

ವೀಣಾ: ದಣಿವು ಕಡಿಮೆಯಾಗುತ್ತಲ್ಲ.

ಚಿಕ್ಕಪ್ಪ: ಕಾಲಿಗೆ. ರಾತ್ರಿ ಪಾಳಿಯಲ್ಲಿ ಕ್ಲಚ್ಚು ಗೇರು ಅಂತ ಒದ್ದಾಡ್ತಾ ಇದ್ರೆ ಎಚ್ಚರ ತಾನಾಗಿ ಇರ್ತಿತ್ತು. ನಿನಗೆ ಏನೂ ಮಾಡದೆ ಎಚ್ಚರವಾಗಿರು ಅಂತಿದ್ದಾರೆ. ಅದು ಋಷಿಗಳ ಕೈಲಾಗೋ ಕೆಲಸ.

ವೀಣಾ: ಲಿಸಾನ್ ಬೇನ್‌ಬ್ರಿಜ್ ಅನ್ನೋ ಮನಶ್ಶಾಸ್ತ್ರಜ್ಞೆ 1983ರಲ್ಲೇ ಕಾರ್ಖಾನೆಗಳ ಬಗ್ಗೆ ಇದನ್ನೇ ಬರೆದಿದ್ರು. ಸುಲಭದ್ದನ್ನ ಯಂತ್ರ ತಗೊಳ್ಳುತ್ತೆ, ತನಗಾಗದ್ದನ್ನ ಮನುಷ್ಯನಿಗೆ ಬಿಡುತ್ತೆ. ಅಷ್ಟರಲ್ಲಿ ಅವನಿಗೆ ಕೈರೂಢಿ ತಪ್ಪಿರುತ್ತೆ.

ಚಿಕ್ಕಪ್ಪ: ಇದಕ್ಕಾಗದ್ದು ಯಾವುದು?

ವೀಣಾ: ನಿಂತ ಲಾರಿ. ಓಡೋ ವಾಹನವನ್ನ ರೇಡಾರ್ ಚೆನ್ನಾಗಿ ಹಿಡಿಯುತ್ತೆ. ನಿಂತದ್ದನ್ನ ಎಷ್ಟೋ ಸಲ ಲೆಕ್ಕಕ್ಕೇ ತಗೊಳ್ಳಲ್ಲ. ಸೇತುವೆ, ಫಲಕ ಎಲ್ಲ ನಿಂತೇ ಇರ್ತವಲ್ಲ, ಒಂದೊಂದಕ್ಕೂ ಬ್ರೇಕ್ ಹಾಕಿದ್ರೆ ಊರು ಸೇರಿದ ಹಾಗೇ. ಕಾರಿನ ಕೈಪಿಡಿಯಲ್ಲೇ ಎಚ್ಚರಿಕೆ ಇರುತ್ತೆ.

ಚಿಕ್ಕಪ್ಪ: ಹಿಂದಿನ ದೀಪ ಇಲ್ಲದೆ ರಾತ್ರಿ ನಿಂತಿರೋ ಲಾರಿ! ನಾವು ಹೆದರ್ತಿದ್ದದ್ದೂ ಅದಕ್ಕೇ.

(ಎಡಗಡೆಯಿಂದ ಕಾರೊಂದು ಮುಂದಿನ ಸಂದಿಗೆ ನುಗ್ಗಿತು. ಇವರ ಕಾರು ತಾನೇ ವೇಗ ತಗ್ಗಿಸಿತು.)

ವೀಣಾ: ನೋಡಿ, ಇದಕ್ಕೆ ಕೋಪ ಬರಲ್ಲ. ನಾನಾಗಿದ್ರೆ ಹಾರನ್ ಒತ್ಕೊಂಡು ಅವನ ಹಿಂದೆ ಬೀಳ್ತಿದ್ದೆ.

ಚಿಕ್ಕಪ್ಪ: ಕೋಪವೇ ಬರದೋರಿಗೆ ತಾಳ್ಮೆ ಎಲ್ಲಿಂದ ಬಂತು? ಬಂದ ಕೋಪ ನುಂಗಿದ್ರೆ ತಾನೆ.

ವೀಣಾ: ನುಗ್ಗಿದವನಿಗೆ ಅದನ್ನ ಕಟ್ಕೊಂಡು ಏನಾಗಬೇಕು? ಬದುಕ್ಕೊಂಡ.

ಚಿಕ್ಕಪ್ಪ: ಅವನಿಗೇನೂ ಇಲ್ಲ, ನಿನಗಿದೆ. 2023ರ ಆಗಸ್ಟ್‌ನಿಂದ ಇಲ್ಲಿ ಬೈಕು, ಆಟೋ ಬಿಡ್ತಿಲ್ಲ, ಅದಕ್ಕೇ ನಿನ್ನ ಯಂತ್ರ ನಡೀತಿದೆ. ವಾಪಸ್ ಹೋಗ್ತಾ ಅವೆಲ್ಲ ಇರೋ ಕೆಂಗೇರಿಯಲ್ಲಿ ಆಫ್ ಮಾಡ್ತೀಯಲ್ಲ, ಆಗ ತಾಳ್ಮೆ ಯಾರ ಹತ್ರ ಸಾಲ ತರ್ತೀಯ?

ವೀಣಾ: ಅದು ನಿಜ. ಆದ್ರೆ ಇಂಡಿಕೇಟರ್ ಹಾಕದೆ ಪಟ್ಟೆ ದಾಟಿದ್ರೆ ಇದು ಕಿರುಚುತ್ತೆ. ಆ ಕಾಟಕ್ಕೆ ಹಾಕ್ತಾ ಹಾಕ್ತಾ, ಈಗ ಅಪ್ಪನ ಹಳೇ ಕಾರಲ್ಲೂ ಕೈ ತಾನಾಗಿ ಹೋಗುತ್ತೆ.

ಚಿಕ್ಕಪ್ಪ: ಹೆದರಿ ಕಲಿತದ್ದು.

ವೀಣಾ: ನೀವು ಹೇಗೆ ಕಲಿತ್ರಿ?

ಚಿಕ್ಕಪ್ಪ: (ನಕ್ಕು) ತಲೆ ಮೇಲೆ ಮೊಟಕಿಸ್ಕೊಂಡು. ಆದ್ರೆ ಕಲಿಸಿದೋರು ಒಂದಿನ ಇಳಿದು ಹೋದ್ರು ಕಣೇ. ಇದು ಇಳಿಯುತ್ತಾ?

ವೀಣಾ: ಬಟನ್ ಇದೆ.

ಚಿಕ್ಕಪ್ಪ: ಒತ್ತು ಮತ್ತೆ, ಮದ್ದೂರಿನವರೆಗೆ ನೋಡೋಣ.

ವೀಣಾ: ಒತ್ತಿದೆ. ಈಗ ನನ್ನ ಮಾತಾಡಿಸಬೇಡಿ ಚಿಕ್ಕಪ್ಪ.