ತರಗೆಲೆಯ ಮೇಲೆ ನವರಂಗ

ಯುಗಾದಿಗೆ ಕಟ್ಟಿದ ಮಾವಿನ ತೋರಣ ಬಾಗಿಲಲ್ಲಿ ಒಣಗಿ ಗರಿಗರಿಯಾಗಿದೆ. ಬೆಳಿಗ್ಗೆ ಐದಕ್ಕೆ ಅದರಡಿ ತಲೆ ಬಗ್ಗಿಸಿ ಹೊರಟೆ. ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ಹೂವಿನವರು ಆಗಲೇ ಮಲ್ಲಿಗೆಗೆ ನೀರು ಚಿಮುಕಿಸುತ್ತಿದ್ದರು. ಬಾಳೆಲೆ, ಕರಿಬೇವು, ಕಾಫಿಪುಡಿ: ಊರಿನ ಈ ವಾಸನೆಗಳನ್ನು ದಾಟಿ ಸ್ವಲ್ಪ ನಡೆದರೆ ರವೀಂದ್ರ ಸರೋವರ.

ಇದು ತೋಡಿದ ಕೆರೆ. ಜೌಗು, ಪೊದೆ ತುಂಬಿದ್ದ ನೆಲವನ್ನು 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಗೆಸಿತು. 1958ರಲ್ಲಿ ಅದಕ್ಕೆ ಠಾಕೂರರ ಹೆಸರು ಬಂತು. ಸುಮಾರು 73 ಎಕರೆ ನೀರು, ನಡುವೆ ಮರ ದಟ್ಟೈಸಿದ ನಡುಗಡ್ಡೆಗಳು. ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು. ಮಾಸಲು ಬಣ್ಣದ ಕೊಳದ ಬಕಕ್ಕೆ ಈಗ ಬೆನ್ನ ಮೇಲೆ ಕೆಂಗಂದು ಗರಿ. ಮರಿಮಾಡುವ ಕಾಲ ಹತ್ತಿರ ಬಂತು.

ನಾನು ಹುಡುಕಿ ಬಂದದ್ದು ನೀರಿನಲ್ಲಿರಲಿಲ್ಲ. ಪೊದೆಯ ಕೆಳಗೆ ಸರಸರ ಸದ್ದಾಯಿತು. ಉಸಿರು ಬಿಗಿಹಿಡಿದು ನಿಂತೆ. ಗೊರವಂಕಕ್ಕಿಂತ ಚಿಕ್ಕ ಹಕ್ಕಿಯೊಂದು ಕೊಕ್ಕಿನಿಂದ ಒಂದು ತರಗೆಲೆ ಎತ್ತಿ ಪಕ್ಕಕ್ಕೆಸೆಯಿತು, ಎರಡು ಹೆಜ್ಜೆ ಕುಪ್ಪಳಿಸಿತು, ಇನ್ನೊಂದು ಎಲೆ ಎಸೆಯಿತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಿಳಿ ಗಂಟಲು, ರೆಕ್ಕೆಯಲ್ಲಿ ಹೊಳೆವ ನೀಲಿ. ಮೊಟಕು ಬಾಲ ಅಲ್ಲಾಡಿದಾಗ ಅಡಿಯಲ್ಲಿ ಕುಂಕುಮದ ಕೆಂಪು ಕಂಡಿತು. ನವರಂಗ!

ನಮ್ಮ ಮಹಡಿಯ ತಮಿಳು ಮಾಮಿ ಇದನ್ನು ಆರುಮಣಿ ಕುರುವಿ ಎನ್ನುತ್ತಾರೆ, ಆರು ಗಂಟೆಯ ಹಕ್ಕಿ. ಬೆಳಗು ಬೈಗುಗಳಲ್ಲಿ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ. ಬಂಗಾಳಿಯಲ್ಲಿ ಶುಮ್ಚಾ. ಚಳಿಗಾಲವನ್ನು ನಮ್ಮ ದಕ್ಷಿಣದ ಕಾಡುತೋಪುಗಳಲ್ಲಿ, ಶ್ರೀಲಂಕೆಯಲ್ಲಿ ಕಳೆದು, ಮಳೆಗೆ ಮುಂಚೆ ಮರಿಮಾಡಲು ಹೊರಡುತ್ತದೆ. ಕೆಲವು ಹಿಮಾಲಯದ ಬುಡದವರೆಗೂ ಹೋಗುತ್ತವೆ. ಐವತ್ತು ಅರವತ್ತು ಗ್ರಾಮಿನ ಜೀವ ಹಾರುವುದು ರಾತ್ರಿ ಹೊತ್ತು. ಬೆಳಕು ಹರಿದಾಗ ಕೆಳಗೆ ನೆರಳು ಕಂಡಲ್ಲಿ ಇಳಿಯುತ್ತದೆ. ದೀಪ ಉರಿಯುವ ಇಷ್ಟು ದೊಡ್ಡ ನಗರದ ನಡುವೆ ಅದಕ್ಕೆ ಸಿಕ್ಕಿದ್ದು ಈ ಪೊದೆ. ತೆಂಕಣದಿಂದ ಇಲ್ಲಿಗೆ ಬಂದು ಕೋಣೆ ಹುಡುಕಿದ ನನಗೆ ಅದರ ದಣಿವು ಅರ್ಥವಾಗುತ್ತದೆ.

ಅದಕ್ಕೆ ಬೇಕಾದ್ದು ಹುಳ, ಎರೆಹುಳು. ಅವು ಇರುವುದು ಕೊಳೆಯುತ್ತಿರುವ ಎಲೆಯಡಿ. ಉದ್ಯಾನ ಚೊಕ್ಕಟವಾಗಿ ಕಾಣಲೆಂದು ಎಲ್ಲ ಊರುಗಳಲ್ಲೂ ನಾವು ಮೊದಲು ಗುಡಿಸುವುದು ಆ ಎಲೆಗಳನ್ನೇ. ಆಮೇಲೆ ಸವರುವುದು ಪೊದೆಗಳನ್ನು. ಬರಿ ಹುಲ್ಲುಹಾಸಿನ ಮೇಲೆ ನವರಂಗ ಇಳಿಯುವುದಿಲ್ಲ.

ಬೆಂಗಳೂರಿನ ಮೇಲೂ ಅದರ ದಾರಿ ಹಾಯುತ್ತದೆ, ಇದೇ ತಿಂಗಳುಗಳಲ್ಲಿ. ನಿಮ್ಮ ಹಿತ್ತಲಲ್ಲಿ, ಬೀದಿಯ ಉದ್ಯಾನದಲ್ಲಿ ಒಂದು ಮೂಲೆಯನ್ನಾದರೂ ಮಳೆ ಬೀಳುವವರೆಗೆ ಗುಡಿಸದೆ ಬಿಡಿ.