ಮುದ್ದತು ತೀರಿದ ಅನ್ಯಾಯ

ನಮ್ಮ ಅಮೀನಗಡದ ಹೆಸರೆತ್ತಿದರೆ ಪೇಟೆಯವರಿಗೆ ಕರದಂಟು ನೆನಪಾಗುತ್ತದೆ. ಸುತ್ತಲಿನ ರೈತರಿಗೆ ಕುರಿಯ ಸಂತೆ. ಜಾನುವಾರು ಸಂತೆಗಳ ಹಳೆಯ ಪದ್ಧತಿಯೊಂದನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಮಾರುವವನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಕೈ ಹಿಡಿದು, ಬೆರಳುಗಳಿಂದಲೇ ದರ ಗೊತ್ತುಮಾಡುತ್ತಾರೆ. ಬದಿಯಲ್ಲಿ ನಿಂತವನಿಗೆ ಏನೂ ತಿಳಿಯದು. ಕುರಿಯ ವ್ಯಾಪಾರಕ್ಕೆ ಇದು ಚಂದವೇ. ಆದರೆ ಸಂಬಳವನ್ನೂ ಹೀಗೆ ವಸ್ತ್ರದ ಕೆಳಗೆ ಗೊತ್ತುಮಾಡುವ ಧಣಿಗಳುಂಟು. ಅಲ್ಲಿ ಬದಿಯಲ್ಲಿ ನಿಂತವಳು, ಅದೇ ಕೆಲಸವನ್ನು ಕಡಮೆ ಹಣಕ್ಕೆ ಮಾಡುತ್ತಿರುವ ಹೆಂಗಸು. ಹತ್ತು ವರ್ಷಗಳ ಮೇಲೆ ಅವಳಿಗೆ ಸಂಗತಿ ತಿಳಿದರೆ, ‘ತಾಯೀ, ನಿನ್ನ ಮುದ್ದತು ತೀರಿತು’ ಎಂದು ಹೇಳಿ ಕಳುಹಿಸುವುದು ನ್ಯಾಯವೆ?

ಕಾಲಮಿತಿಯನ್ನು ಸುಮ್ಮನೆ ಹಳಿಯುವವನು ನಾನಲ್ಲ. ಸಾಕ್ಷಿಗಳು ಸಾಯುತ್ತಾರೆ, ಲೆಕ್ಕದ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತದೆ, ಗುಮಾಸ್ತ ಊರು ಬಿಡುತ್ತಾನೆ. ಅಜ್ಜ ಬರೆದ ಲೆಕ್ಕಕ್ಕೆ ಮೊಮ್ಮಗನನ್ನು ಕಟಕಟೆಗೆ ನಿಲ್ಲಿಸುವುದು ಯಾರಿಗೂ ಹಿತವಲ್ಲ. ಎಚ್ಚರಿರುವವನಿಗೇ ಕಾನೂನು ಒದಗುತ್ತದೆ, ಮಲಗಿದವನಿಗಲ್ಲ ಎಂಬ ವಕೀಲರ ಮಾತನ್ನೂ ಒಪ್ಪೋಣ. ಆದರೆ ತಾನಾಗಿ ಮಲಗಿದವನೂ, ಇನ್ನೊಬ್ಬನು ದೀಪ ಆರಿಸಿದ್ದರಿಂದ ಮಲಗಿದವನೂ ಒಂದೆಯೆ?

ಅಮೆರಿಕದ ಅಲಬಾಮಾದಲ್ಲಿ ಲಿಲಿ ಲೆಡ್‌ಬೆಟರ್ ಎಂಬಾಕೆ 1979ರಿಂದ 1998ರವರೆಗೆ ಗುಡ್‌ಇಯರ್ ಟಯರ್ ಕಾರ್ಖಾನೆಯಲ್ಲಿ ದುಡಿದಳು. ಕೆಲಸದ ಕೊನೆಗಾಲದಲ್ಲಿ ಯಾರೋ ಹೆಸರು ಹಾಕದೆ ಇಟ್ಟ ಒಂದು ಚೀಟಿಯಿಂದ, ತನ್ನ ಸರಿಸಮಾನ ಗಂಡಸರಿಗೆ ತನಗಿಂತ ಹೆಚ್ಚು ಸಂಬಳವೆಂದು ಆಕೆಗೆ ತಿಳಿಯಿತು. 2007ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಐವರ ಬಹುಮತದಿಂದ, ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಬರಬೇಕಿತ್ತು ಎಂದಿತು. ಗುಟ್ಟಾಗಿಟ್ಟದ್ದನ್ನು ಆರು ತಿಂಗಳಲ್ಲಿ ಅರಿಯಬೇಕಾದರೆ ಆಕೆ ಕಣಿ ಕೇಳಬೇಕಾಗಿತ್ತು! 2009ರಲ್ಲಿ ಅಲ್ಲಿಯ ಶಾಸನಸಭೆ ಕಾಯಿದೆಯನ್ನೇ ತಿದ್ದಿತು: ತಾರತಮ್ಯದ ಪ್ರತಿಯೊಂದು ಸಂಬಳವೂ ಹೊಸ ಅನ್ಯಾಯ, ಅವಧಿ ಅಂದಿನಿಂದಲೇ ಮತ್ತೆ ಮೊದಲು. ಕಾಯಿದೆಗೆ ಆಕೆಯ ಹೆಸರು ಬಂತು. ಕಳೆದುಕೊಂಡ ಹಣ ಮಾತ್ರ ಬರಲಿಲ್ಲ.

ನಮ್ಮಲ್ಲಿ 1948ರ ಕನಿಷ್ಠ ವೇತನ ಕಾಯಿದೆ ಕೂಲಿಯವನಿಗೆ ಆರು ತಿಂಗಳ ಅವಧಿ ಕೊಟ್ಟಿತ್ತು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಆರು ತಿಂಗಳು 1964ರ ತಿದ್ದುಪಡಿಯಿಂದ ಹನ್ನೆರಡಾಯಿತು. ಗಂಡು-ಹೆಣ್ಣಿಗೆ ಸಮಾನ ವೇತನದ ಕಾಯಿದೆ ಬಂದದ್ದು 1976ರಲ್ಲಿ. ಇವನ್ನೆಲ್ಲ ಒಳಗೊಂಡ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿ ಮೂರು ವರ್ಷಗಳ ಅವಧಿ. ಸಾಕಷ್ಟು ಕಾರಣ ತೋರಿಸಿದರೆ ಆಮೇಲೂ ಅರ್ಜಿ ತೆಗೆದುಕೊಳ್ಳಬಹುದು. ಇದು ಒಳ್ಳೆಯದೇ. ಆದರೂ ಎಣಿಕೆ ಶುರುವಾಗುವುದು ಹಕ್ಕು ಹುಟ್ಟಿದ ದಿನದಿಂದ, ಅರಿವು ಹುಟ್ಟಿದ ದಿನದಿಂದಲ್ಲ. ಸಿವಿಲ್ ದಾವೆಗಳಿಗಾದರೋ 1963ರ ಕಾಲಮಿತಿ ಕಾಯಿದೆಯ 17ನೆಯ ಕಲಮು, ಮೋಸದ ಸಂಗತಿಯಲ್ಲಿ ಆ ಮೋಸ ತಿಳಿಯುವವರೆಗೆ ಕಾಲ ಓಡದು ಎನ್ನುತ್ತದೆ. ಹೊಲ ಕಳೆದುಕೊಂಡವನಿಗೆ ಸಲ್ಲುವ ಈ ವಿವೇಕ ಪಗಾರ ಕಳೆದುಕೊಂಡವಳಿಗೂ ಸಹಜವಾಗಿಯೇ ಸಲ್ಲಬೇಕೆಂದು ನನಗೆ ತೋರುತ್ತದೆ. ಅವಳು ಕಾರಣ ತೋರಿಸಿ ಬೇಡಿಕೊಳ್ಳುವ ದಯೆ ಅದಾಗಬಾರದು.

ಇನ್ನೊಂದು ತೊಡಕು ಉಳಿಯುತ್ತದೆ, ಅದು ಹೆಚ್ಚು ಕಠಿಣವಾದುದು. ನಮ್ಮ ಹುನಗುಂದ ಸೀಮೆಯ ಹೊಲಗಳಲ್ಲಿ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಎಂಬುದಕ್ಕೆ ವಸ್ತ್ರದ ಮರೆ ಬೇಕಾಗಿಲ್ಲ. ಕೊಡುವವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ಗೊತ್ತಿದ್ದೂ ಅರ್ಜಿ ಬರೆಯದವಳನ್ನು ಮಲಗಿದವಳೆನ್ನೋಣವೆ? ನಾಳೆ ಬೆಳಗಾದರೆ ಅದೇ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಬೇಕಾದವಳು ಅವಳು. ‘ಸಾಕಷ್ಟು ಕಾರಣ’ ಎಂಬ ಎರಡು ಪದಗಳಲ್ಲಿ ಈ ಅಂಜಿಕೆಗೂ ಜಾಗವುಂಟೆ ಎಂದು, ಕಾರ್ಮಿಕ ಅಧಿಕಾರಿಯ ಮೇಜಿನ ಮುಂದೆ ಅವಳೇ ಒಂದು ದಿನ ನಿಂತು ಕೇಳಬೇಕಾಗಿದೆ. ಆ ದಿನದ ಕೂಲಿಯನ್ನೂ ಬಿಟ್ಟು.